ಒಲೆ ಹೊತ್ತಿಸದ ದಿನ

ನಮ್ಮ ಮನೆಯಲ್ಲಿ ಭಾನುವಾರ ಒಲೆ ಹೊತ್ತಿಸುತ್ತಿರಲಿಲ್ಲ. ಶನಿವಾರ ಸಂಜೆ ಅವ್ವ ಕೊನೆಯ ಜೋಳದ ರೊಟ್ಟಿಯನ್ನು ಹಂಚಿನಿಂದ ಎತ್ತಿ ಗೋಡೆಗೆ ಆನಿಸಿ ನಿಲ್ಲಿಸಿದಳೆಂದರೆ, ಮುಂದೆ ಸೋಮವಾರ ಬೆಳಗಿನ ಚಹಾದವರೆಗೆ ಬೆಂಕಿಯಿಲ್ಲ. ಭಾನುವಾರದ ಊಟವೆಂದರೆ ಹಪ್ಪಳದಂತೆ ಮುರಿಯುವ ಕಟಕ್ ರೊಟ್ಟಿ, ಹಿಂದಿನ ದಿನದ ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ಸ್ನಾನ ತಣ್ಣೀರಿನಲ್ಲಿ. ನಮ್ಮ ಸಭೆಯ ಉಳಿದ ಮನೆಗಳಲ್ಲಿ ಹೀಗಿರಲಿಲ್ಲ. ಸಭೆಯೆಂದರೆ ಮುಂಬೈಯ ಸಯನ್‌ನ ಒಂದು ಶಾಲೆಯ ಹಾಲ್‌ನಲ್ಲಿ ಭಾನುವಾರ ಕೂಡುತ್ತಿದ್ದ ಐವತ್ತರವತ್ತು ಕನ್ನಡ ಕ್ರೈಸ್ತರು. ಹೆಚ್ಚಿನವರು ಬೀದರ್ ಕಡೆಯವರು, ಕಟ್ಟಡದ ಕೆಲಸದವರು, ಆಸ್ಪತ್ರೆಯ ಆಯಾಗಳು. ಅವರು ಆರಾಧನೆ ಮುಗಿದ ಕೂಡಲೇ ಲೋಕಲ್ ಹಿಡಿದು ಓಡುತ್ತಿದ್ದದ್ದೇ ಕೋಳಿಸಾರಿಗೆ. ನಾನು ಮತ್ತು ಅಣ್ಣ ದಾನಿ, ಆ ಮನೆಗಳ ಮಕ್ಕಳ ಬಾಯಿಂದ ಆ ಸಾರಿನ ವರ್ಣನೆ ಕೇಳುತ್ತ ತಣ್ಣನೆಯ ರೊಟ್ಟಿಗೆ ಮರಳುತ್ತಿದ್ದೆವು.

ಈ ನೇಮ ಬಂದದ್ದು ಅಪ್ಪನ ತಾಯಿಯಿಂದ. ಆಕೆಯನ್ನು ನಾನು ನೋಡಿಲ್ಲ. ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವಳು. ಏಳು ದಿನವೂ ಕೆಲಸ, ಜ್ವರ ಬಂದ ದಿನವೂ ಕೆಲಸ. ಹಳ್ಳಿಗೆ ಬಂದ ಯಾರೋ ಪಾದ್ರಿ ದೇವರ ಹತ್ತು ಆಜ್ಞೆಗಳನ್ನು ಓದಿ ಹೇಳುತ್ತಿದ್ದಾಗ, ವಾರದಲ್ಲಿ ಒಂದು ದಿನ ದುಡಿಯಬಾರದು ಎಂಬ ಮಾತು ಬಂದ ಕೂಡಲೇ ಆಕೆ ಅಳತೊಡಗಿದಳಂತೆ. ಅಪ್ಪ ಆಕೆಯ ಮಾತನ್ನು ಆಕೆಯ ದನಿಯಲ್ಲೇ ಹೇಳುತ್ತಿದ್ದ:

"ಹುಟ್ಟಿದಾಗಿಂದ ಎಲ್ಲಾರೂ ನನಗ 'ಏಳು' ಅಂದೋರೇ. 'ಕೂಡು' ಅಂದಂವ ಈ ದೇವರೊಬ್ಬನೇ."

ಆಜ್ಞೆಯೆಂದರೆ ಹೆದರಿಕೆ ಎಂಬುದನ್ನು ನಾನು ಆಮೇಲೆ ಹೊರಗೆ ಕಲಿತೆ, ಶಾಲೆಯಲ್ಲಿ, ಕಚೇರಿಯಲ್ಲಿ. ಮನೆಯಲ್ಲಿ ಅದು ದಣಿದ ಹೆಂಗಸೊಬ್ಬಳಿಗೆ ಯಾರೋ ಹಾಸಿಕೊಟ್ಟ ಚಾಪೆಯಾಗಿತ್ತು. ಅಪ್ಪ ಒಲೆ ಹೊತ್ತಿಸಬೇಡ ಎನ್ನುತ್ತಿದ್ದದ್ದು ಅವ್ವನ ಕೈಗಳಿಗಾಗಿ. ಅವ್ವನೋ, ಆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಭಾನುವಾರ ಮಧ್ಯಾಹ್ನವೆಲ್ಲ ನನ್ನ ತಲೆಯ ಹೇನು ಹುಡುಕುತ್ತಿದ್ದಳು.

ನಮ್ಮದು ಘಾಟ್ಕೋಪರ್‌ನ ಗುಡ್ಡದ ಮೇಲಿನ ಚಾಳು. ಒಂದೇ ಕೋಣೆ. ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಬಚ್ಚಲು, ಅದರ ಪಕ್ಕ ಅಡುಗೆಯ ಕಲ್ಲು, ಮೇಲೆ ಸಾಮಾನು ತುಂಬಿದ ಅಟ್ಟ. ಅಪ್ಪ ದೊಡ್ಡ ಬಿಲ್ಡಿಂಗುಗಳಲ್ಲಿ ಟೈಲ್ಸ್ ಹಾಕುವವನು. ಕೆಲಸ ಮುಗಿದ ಮೇಲೆ ಉಳಿದ ಮುರುಕುಗಳನ್ನು ಕೇಳಿ ತಂದು ನಮ್ಮ ನೆಲಕ್ಕೂ ಹಾಕಿದ್ದ. ಹೀಗಾಗಿ ಅಂಧೇರಿಯ ಯಾವುದೋ ಸಾಹುಕಾರನ ಬಾತ್‌ರೂಮಿನ ನೀಲಿ, ಇನ್ನಾವುದೋ ಆಫೀಸಿನ ಬೂದು, ಯಾರದೋ ದೇವರ ಕೋಣೆಯ ಬಿಳಿ, ಎಲ್ಲ ನಮ್ಮ ಕಾಲಡಿಯಲ್ಲಿದ್ದವು. ಬಣ್ಣ ಒಂದಕ್ಕೊಂದು ಹೊಂದುತ್ತಿರಲಿಲ್ಲ, ಆದರೆ ಎಲ್ಲಿಯೂ ಒಂದು ಕೂದಲೆಳೆಯ ಏರಿಳಿತವಿರಲಿಲ್ಲ. ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತಿತ್ತು. ಹಾಗೆ ನಿಲ್ಲುವುದು ನಮಗೆ ಆಟಕ್ಕೆ ತೊಂದರೆ ಎಂದು ದಾನಿ ದೂರುತ್ತಿದ್ದ.

ಆ ನೆಲದ ಮೇಲೆ ದಿನವೂ ಸಂಜೆ ಏಳಕ್ಕೆ ಊಟದ ತಾಟುಗಳ ಮುಂದೆ ಕುಳಿತು ನಾವು ಪ್ರಾರ್ಥನೆ ಮಾಡುತ್ತಿದ್ದೆವು. ಹಾಡಾದ ಮೇಲೆ ನಾಲ್ವರೂ ಒಂದೊಂದು ಆಜ್ಞೆ ಹೇಳಬೇಕು: ಮೊದಲು ಅವ್ವ, ಆಮೇಲೆ ದಾನಿ, ಆಮೇಲೆ ನಾನು, ಕೊನೆಗೆ ಅಪ್ಪ. ಮರುದಿನ ಅಲ್ಲಿಂದ ಮುಂದಕ್ಕೆ. ಹತ್ತು ಮುಗಿದರೆ ಮತ್ತೆ ಒಂದರಿಂದ. ಬರಿಯ ಬಾಯಿಪಾಠ ಸಾಲದು. ಪಾಲಿಗೆ ಬಂದ ಆಜ್ಞೆ ಆ ದಿನ ನಿನ್ನಲ್ಲಿ ಉಳಿಯಿತೋ ಮುರಿಯಿತೋ ಹೇಳಬೇಕು. "ಉಳೀತು" ಅಂದರೆ ಮುಂದಿನವರ ಸರದಿ. "ಮುರೀತು" ಅಂದರೆ ಹೇಗೆಂದು ಎರಡು ಮಾತು. ಬೈಗುಳವಿಲ್ಲ, ಶಿಕ್ಷೆಯಿಲ್ಲ. ಅಪ್ಪ ಕೇಳಿಸಿಕೊಂಡು ಊಂ ಎನ್ನುತ್ತಿದ್ದ, ಅಷ್ಟೇ. ತಂದೆತಾಯಿಯರನ್ನು ಗೌರವಿಸುವ ಆಜ್ಞೆ ದಾನಿಗೆ ಬಂದ ಸಂಜೆಗಳಲ್ಲಿ ಅನ್ನ ಆರಿ ಹೋಗುವಷ್ಟು ಹೊತ್ತಾಗುತ್ತಿತ್ತು.

ಒಮ್ಮೆ ಇದೇ ದಾನಿ ಒಂದು ತಕರಾರು ತೆಗೆದ. ವಿಶ್ರಾಂತಿಯ ದಿನ ಎತ್ತು, ಕತ್ತೆ ಕೂಡ ದುಡಿಯಬಾರದೆಂದು ದೇವರು ಹೇಳಿದ್ದಾನೆ. ಹಾಗಿದ್ದರೆ ನಮ್ಮ ಗ್ಯಾಸ್ ಸಿಲಿಂಡರ್? ಪಕ್ಕದ ಮನೆಯ ನೀಲಮ್ಮ ಆಯಿ ತನ್ನ ಗ್ಯಾಸ್ ತೀರಿದ ಭಾನುವಾರಗಳಲ್ಲಿ ಸುಮ್ಮನೆ ನಿಂತಿದ್ದ ನಮ್ಮ ಸಿಲಿಂಡರನ್ನು ಕೇಳಿ ಒಯ್ಯುತ್ತಿದ್ದಳು.

"ನಮ್ಮ ಎತ್ತು ಅವರ ಹೊಲಾ ಹೊಡದಂಗಾಯ್ತಲ್ಲಪ್ಪ. ರೂಲ್ ಅಂದ್ರ ರೂಲ್."

ಅವ್ವ ನಕ್ಕಳು. ಅಪ್ಪ ನಗಲಿಲ್ಲ. ಇಂಥ ಪ್ರಶ್ನೆಗಳನ್ನು ಅವನು ಕೆಲಸಕ್ಕೆ ಒಯ್ಯುತ್ತಿದ್ದ. ಎರಡು ದಿನ ಬಿಟ್ಟು, ತಾಟಿನ ಮುಂದೆ ಕುಳಿತಾಗ ಉತ್ತರ ಬಂತು.

"ಎತ್ತಿಗೆ ಬ್ಯಾನಿ ಆಗ್ತದ, ಅದಕ್ಕ ಆ ಮಾತು. ಸಿಲಿಂಡರಿಗೆ ಏನು ಬ್ಯಾನಿ? ಬಾಜೂ ಮನ್ಯಾಗ ಒಲಿ ಆರಿರ್ತದ, ನಮ್ಮಲ್ಲಿ ತುಂಬಿದ್ದು ನಿಂತಿರ್ತದ. ಕೊಡಲಿಲ್ಲಂದ್ರ ಅದು ದೇವರ ರೂಲ್ ಅಲ್ಲ, ನಿನ್ನ ರೂಲ್."

ಶನಿವಾರ ಸಂಜೆ ಸಿಲಿಂಡರಿನ ರೆಗ್ಯುಲೇಟರ್ ತೆಗೆದು ಮೊಳೆಗೆ ನೇತುಹಾಕುವುದು ಅಪ್ಪನ ಕೆಲಸ. ಸಿಲಿಂಡರಿನ ಬಾಯಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಒತ್ತಿ ಕೂರಿಸುವುದು ನನ್ನದು. ನನಗಾಗ ಹತ್ತು ವರ್ಷ. ಆ ಬಾಯಿಯೊಳಗೆ ರಬ್ಬರಿನ ಒಂದು ಪುಟ್ಟ ಕಪ್ಪು ಬಳೆ ಇರುತ್ತದೆ. ವಾಯ್ಸರ್ ಎನ್ನುತ್ತಿದ್ದೆವು. ರೆಗ್ಯುಲೇಟರ್ ಕೂತಾಗ ಸುತ್ತಲಿಂದ ಗ್ಯಾಸ್ ಸೋರದಂತೆ ಹಿಡಿಯುವುದು ಅದೇ. ಅದನ್ನು ತಲೆಪಿನ್ನಿನ ಮೊನೆಯಿಂದ ಎಬ್ಬಿಸಬಹುದು ಎಂದು ಒಂದು ಶನಿವಾರ ಕಂಡುಕೊಂಡೆ. ಕಿರುಬೆರಳಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ನಮ್ಮ ಮನೆಯಲ್ಲಿ ಯಾರೂ ಒಡವೆ ಹಾಕುತ್ತಿರಲಿಲ್ಲ. ಸಂಡೇ ಸ್ಕೂಲಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿಗೆ ಬೆಳ್ಳಿಯ ಉಂಗುರವಿತ್ತು. ಹಾಡಿಗೆ ಚಪ್ಪಾಳೆ ತಟ್ಟುವಾಗ ಆ ಕೈಯನ್ನೇ ಮೇಲೆ ಇಡುತ್ತಿದ್ದಳು. ನಾಳೆ ನನಗೂ ಒಂದು ಇರಲಿ ಎನಿಸಿತು. ನಾಳೆ ಭಾನುವಾರ, ಒಲೆ ಹೊತ್ತುವುದಿಲ್ಲ. ಸೋಮವಾರ ಬೆಳಿಗ್ಗೆ ಅವ್ವ ಏಳುವ ಮೊದಲು ವಾಪಸು ಇಟ್ಟರಾಯಿತು. ದೇವರ ಆಜ್ಞೆಯ ಮೇಲೆ ನನಗೆ ಅಷ್ಟು ಭರವಸೆ. ಆಜ್ಞೆಯನ್ನು ನನ್ನ ಕಳ್ಳತನಕ್ಕೆ ಕಾವಲಾಗಿ ನಿಲ್ಲಿಸಿ ಮುಚ್ಚಳ ಒತ್ತಿದೆ. ನೀಲಮ್ಮ ಆಯಿಯ ನೆನಪೇ ಆಗಲಿಲ್ಲ.

ಮರುದಿನ ನಾನೂ ದಾನಿಯೂ ಸಂಡೇ ಸ್ಕೂಲಿಗೆಂದು ಬೇಗ ಹೊರಟೆವು. ಅಪ್ಪ ಅವ್ವ ಆರಾಧನೆಯ ಹೊತ್ತಿಗೆ ಬಂದರು. ಉಂಗುರ ಅಂಥ ಹೆಸರೇನೂ ಮಾಡಲಿಲ್ಲ. ಆ ಹುಡುಗಿ ನೋಡಿ, "ಯೇ ತೋ ರಬ್ಬರ್ ಹೈ" ಎಂದು ಮುಖ ತಿರುಗಿಸಿದಳು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಮನೆಗೆ ಬಂದೆವು. ಒಳಗೆ ಕಾಲಿಟ್ಟು ನೋಡಿದರೆ ಬಾಗಿಲ ಬಳಿ ಸಿಲಿಂಡರ್ ಇದ್ದ ಜಾಗ ಖಾಲಿ.

"ಮುಂಜಾನಿ ನೀಲಮ್ಮ ಆಯಿ ಕೇಳಿದಳು, ಕೊಟ್ಟು ಬಂದೆ," ಅವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅಂದಳು. "ಅವರದು ಇವತ್ತ ತೀರೂಹಂಗ ಅದ ಅಂತ."

ನಾನು ಚಪ್ಪಲಿ ಬಿಡದೆ ಪಕ್ಕದ ಮನೆಗೆ ಹೋದೆ. ನೀಲಮ್ಮ ಆಯಿ ವಿಜಯಪುರದ ಕಡೆಯವಳು, ಮಗ ಬಸು ಕಟ್ಟಡಗಳಿಗೆ ಬಣ್ಣ ಹೊಡೆಯುವವನು. ಅವರಿಬ್ಬರೂ ಅಂದು ನೆಂಟರ ಮನೆಗೆ ಹೋಗಿದ್ದರು. ಮನೆಯಲ್ಲಿದ್ದದ್ದು ಬಸುವಿನ ಹೆಂಡತಿ ರೇಣುಕಾ ಒಬ್ಬಳೇ. ಮದುವೆಯಾಗಿ ಊರಿಂದ ಬಂದು ಎರಡು ತಿಂಗಳಾಗಿತ್ತು. ಕಟ್ಟಿಗೆಯ ಒಲೆ ಬಿಟ್ಟು ಬೇರೆ ಒಲೆ ಕಾಣದವಳು, ಗ್ಯಾಸನ್ನು ಇಲ್ಲಿಗೆ ಬಂದ ಮೇಲೆಯೇ ಕಲಿತವಳು. ಅವಳು ನಮ್ಮ ಸಿಲಿಂಡರಿಗೆ ರೆಗ್ಯುಲೇಟರ್ ಕೂರಿಸಿ, ಗುಂಡಿ ತಿರುಗಿಸಿ, ಇನ್ನೇನು ಒಲೆ ಹೊತ್ತಿಸಬೇಕು ಅನ್ನುವಾಗ ಗಲ್ಲಿಯ ನಲ್ಲಿಗೆ ನೀರು ಬಂತೆಂದು ಕೂಗು ಕೇಳಿದೆ. ಗುಂಡಿ ಹಾಗೆಯೇ ಬಿಟ್ಟು ಕೊಡ ಹಿಡಿದು ಓಡಿದ್ದಾಳೆ. ನಾನು ಹೊಸ್ತಿಲಿಗೆ ಬಂದಾಗ ಅವಳು ಆಗಷ್ಟೇ ತುಂಬಿದ ಕೊಡ ಇಳಿಸಿ, ಒದ್ದೆ ಕೈಯನ್ನು ಸೀರೆಗೆ ಒರೆಸುತ್ತಿದ್ದಳು.

ಇಲ್ಲಿಂದ ಮುಂದಿನದನ್ನು ಬರೆಯಲು ಕೂತು ಈ ವಾರ ನಾಲ್ಕು ಸಲ ಎದ್ದಿದ್ದೇನೆ. ಎಲ್ಲ ಸೇರಿ ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಆ ಅರ್ಧ ನಿಮಿಷವನ್ನು ನಾನು ಮೂವತ್ತು ವರ್ಷಗಳಿಂದ ಬಿಡಿಸಿ ಬಿಡಿಸಿ ನೋಡುತ್ತಿದ್ದೇನೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದರಿಂದ ಅದು ಇನ್ನಷ್ಟು ಉದ್ದವಾಯಿತು. ಆ ಅನಿಲ ಗಾಳಿಗಿಂತ ಭಾರ, ಮೇಲೇಳುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಡಿ ನಿಲ್ಲುತ್ತದೆ ಎಂದು ಕಲಿತ ದಿನ ನಾನು ಬೆಂಚಿನ ಮೇಲೆ ಕಾಲು ಎತ್ತಿಟ್ಟುಕೊಂಡೆ. ಅಂದು ಆ ಕೋಣೆಯಲ್ಲಿ ರೇಣುಕಾ ಬರಿಗಾಲಲ್ಲಿ ಅದರೊಳಗೆ ನಿಂತಿದ್ದಳು. ಹಾವಿನ ಉಸಿರಿನಂಥ ಸಣ್ಣ ಸದ್ದು ನನಗೆ ಕೇಳಿಸಿತು. ವಾಸನೆ ಬಂತು. ಅವಳಿಗೂ ಬಂದಿರಬೇಕು, ಮೂಗು ಮುದುಡಿದಳು.

"ಏನ್ ಗಟಾರ ನಾರತೈತವ್ವಾ ಈ ಮುಂಬೈ," ಅಂದಳು ನನ್ನ ಕಡೆ ನೋಡಿ. ಬೆಂಕಿಪೆಟ್ಟಿಗೆ ಕೈಗೆತ್ತಿಕೊಂಡಳು.

ನನಗೆ ಎಲ್ಲ ಗೊತ್ತಿತ್ತು. ಆ ಸದ್ದು ಯಾಕೆ, ಆ ವಾಸನೆ ಯಾಕೆ ಎಂದು ಆ ಚಾಳಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ತೆರೆದು ಒಂದು ಮಾತು ಹೇಳಿದರೆ ಸಾಕಿತ್ತು. ನಾನು ಮಾಡಿದ್ದು ಇಷ್ಟು: ಎಡಗೈಯನ್ನು ಲಂಗದ ಹಿಂದೆ ಒಯ್ದು ಮುಷ್ಟಿ ಕಟ್ಟಿದೆ. ಉಂಗುರ ಕಾಣಬಾರದೆಂದು.

ಅವಳು ಕಡ್ಡಿ ಗೀರಿದಳು. ಕೈ ಇನ್ನೂ ಒದ್ದೆಯಿತ್ತು, ಮದ್ದು ಪುಡಿಯಾಗಿ ಉದುರಿತು. ಅದನ್ನು ಎಸೆದು ಇನ್ನೊಂದು ತೆಗೆದಳು. ಬೆರಳನ್ನು ಮತ್ತೊಮ್ಮೆ ಸೀರೆಗೆ ಚೆನ್ನಾಗಿ ಒರೆಸಿಕೊಂಡಳು. ಕಡ್ಡಿಯನ್ನು ಪೆಟ್ಟಿಗೆಯ ಪಕ್ಕಕ್ಕೆ ಒತ್ತಿ ಹಿಡಿದಳು. ಆಗ ನನ್ನ ತಲೆಯ ಮೇಲಿಂದ ಅವ್ವನ ದನಿ ಬಂತು. ವಾಸನೆ ಹಿಡಿದು ಬಂದಿದ್ದಳು. ಕೂಗಲಿಲ್ಲ. ಮಲಗಿದ ಕೂಸಿನ ಪಕ್ಕ ಮಾತಾಡುವ ಹಾಗೆ ಹೇಳಿದಳು:

"ರೇಣುಕಾ. ಕಡ್ಡಿ ಕೆಳಗ ಇಡು ನನ್ನವ್ವ. ಇಟ್ಟು ಹೊರಗ ಬಾ."

ರೇಣುಕಾ ಇಟ್ಟಳು, ಬಂದಳು. ಅವ್ವ ಮೂಗಿಗೆ ಸೆರಗು ಹಿಡಿದು ಒಳಹೊಕ್ಕು ಗುಂಡಿ ತಿರುಗಿಸಿದಳು. ಅಪ್ಪ ಓಡಿಬಂದು ಸಿಲಿಂಡರನ್ನು ತಬ್ಬಿ ಎತ್ತಿ ಹೊರಗಿನ ಕಟ್ಟೆಗೆ ತಂದ. ಯಾರೂ ಸ್ವಿಚ್ ಮುಟ್ಟಬೇಡಿ ಎಂದು ಗಲ್ಲಿಯವರಿಗೆ ಹೇಳಿದ. ಜನ ಸೇರಿದರು. ರೇಣುಕಾ ಗೋಡೆಗೆ ಒರಗಿ ಕುಳಿತಳು.

ನೀಲಮ್ಮ ಆಯಿ ನಾಲ್ಕು ಗಂಟೆಗೆ ಬಂದಾಗ ಸುದ್ದಿ ಗಲ್ಲಿಯ ತುದಿಯಲ್ಲೇ ಅವಳನ್ನು ಹಿಡಿದಿತ್ತು. ಅಪ್ಪ ರೆಗ್ಯುಲೇಟರ್ ಬಿಚ್ಚಿ ಸಿಲಿಂಡರಿನ ಬಾಯೊಳಗೆ ಬೆರಳಾಡಿಸಿ ತೋರಿಸಿದ.

"ವಾಯ್ಸರ್ ಇಲ್ಲ, ಆಯಿ."

"ನಿನ್ನೆ ಇತ್ತೋ ಇಲ್ಲೋ?"

"ನಿನ್ನೆ ನಮ್ಮಲ್ಲಿ ಅಡಿಗಿ ಆಗ್ಯದ. ಇತ್ತು. ಮುಚ್ಚಳ ತಗಿಯೂಮುಂದ ಎಲ್ಲೋ ಬಿದ್ದಿರಬೇಕು. ಹೊಸಾ ಹುಡುಗಿ, ತಿಳದಿರಲಿಕ್ಕಿಲ್ಲ."

ಅಪ್ಪ ಅದನ್ನು ಮೆತ್ತಗೆ, ರೇಣುಕಾಳ ಪರವಾಗಿಯೇ ಹೇಳಿದ್ದ. ಆದರೆ ನೀಲಮ್ಮ ಆಯಿಗೆ ಅಷ್ಟು ಸಾಕಾಯಿತು. ಸೊಸೆ ಬಂದ ದಿನದಿಂದ ಅವಳು ಹುಡುಕುತ್ತಿದ್ದ ಕಾರಣ ಸಿಕ್ಕಿತ್ತು.

"ಕೇಳಿದೇನೋ ಬಸು? ಹಾಲು ಉಕ್ಕಸ್ತಾಳ, ಅನ್ನ ಹೊತ್ತಸ್ತಾಳ, ಇವತ್ತ ನಾಕ ಮನಿ ಮಂದೀನ ಸುಡತಿದ್ದಳು. ಬುಧವಾರ ಕರಕೊಂಡು ಹೋಗಿ ಇವರಪ್ಪನ ಮನ್ಯಾಗ ಬಿಟ್ಟು ಬಾ. ಗ್ಯಾಸ್ ಕಲತ ಮ್ಯಾಲ ಕಳಸ್ರಿ ಅಂತ ಹೇಳು."

"ಕಲತ ಮ್ಯಾಲ ಅಂದ್ರ ಯಾವಾಗ ಯವ್ವಾ?"

"ಅದನ್ನ ನನಗೇನ್ ಕೇಳ್ತಿ?"

ಎಲ್ಲರಿಗೂ ಅರ್ಥವಾಯಿತು. ರೇಣುಕಾಳ ಹಳ್ಳಿಯಲ್ಲಿ ಗ್ಯಾಸ್ ಇಲ್ಲ, ಅಲ್ಲಿ ಅವಳು ಏನು ಕಲಿತಾಳು? ಹಾಗೆ ಬಿಟ್ಟುಬಂದವರನ್ನು ಮತ್ತೆ ಕರೆತಂದ ಮನೆಗಳು ಕಡಿಮೆ. ತಪ್ಪು ತನ್ನದೇ ಇರಬೇಕೆಂದು ರೇಣುಕಾಳೂ ನಂಬಿದಂತಿತ್ತು. ನೆಲದ ಮೇಲೆ ಕೈಯಾಡಿಸಿ ಬಿದ್ದ ವಾಯ್ಸರನ್ನು ಹುಡುಕುತ್ತಿದ್ದಳು. ನಾನು ಮುಷ್ಟಿ ಬಿಡದೆ ಮನೆಗೆ ಬಂದು ಬಚ್ಚಲಿನ ಮೂಲೆಯಲ್ಲಿ ಕುಳಿತೆ. ಉಂಗುರವನ್ನು ಮೋರಿಗೆ ಹಾಕಿ ನೀರು ಹೊಯ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ. ಧೈರ್ಯದಿಂದಲ್ಲ, ಅದು ನಾಳೆ ಒಲೆಗೆ ಬೇಕಲ್ಲ ಎಂಬ ಬರಿಯ ಮನೆವಾರ್ತೆಯ ಬುದ್ಧಿಯಿಂದ.

ಸಂಜೆ ಪ್ರಾರ್ಥನೆಗೆ ಕುಳಿತೆವು. ಅವ್ವ ತನ್ನ ಪಾಲಿನದು ಹೇಳಿದಳು, ದಾನಿ ತನ್ನದು. ನನಗೆ ಬಂದದ್ದು ಕದಿಯಬಾರದೆಂಬ ಆಜ್ಞೆ. ನಮ್ಮದೇ ಮನೆಯ ವಸ್ತು ತೆಗೆದುಕೊಂಡರೆ ಕದ್ದಂತಾಗುವುದಿಲ್ಲ ಎಂದು ಮಧ್ಯಾಹ್ನದಿಂದ ಯೋಚಿಸಿ ಇಟ್ಟಿದ್ದೆ.

"ಉಳೀತು," ಅಂದೆ.

ಅಪ್ಪನ ಪಾಲಿಗೆ ಸುಳ್ಳು ಸಾಕ್ಷಿಯ ಆಜ್ಞೆ. ಅಪ್ಪ ಹೇಳಿ ಮುಗಿಸಿ, ಎರಡೂ ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಸಿಮೆಂಟು ತಿಂದು ಬಿರಿದ ಅಂಗೈಗಳು.

"ಮುರೀತು," ಅಂದ.

ಅವ್ವ ತಲೆ ಎತ್ತಿದಳು.

"ವಾಯ್ಸರ್ ಆ ಹುಡುಗಿ ಕೈಯಿಂದ ಬಿದ್ದಿರಬೇಕು ಅಂತ ಅಂದೆ ನಾನು. ಬಿದ್ದದ್ದು ನಾ ನೋಡೀನೇನು? ನೋಡಿಲ್ಲ. ನೋಡಿದ್ದು ಇಷ್ಟೇ, ವಾಯ್ಸರ್ ಇರಲಿಲ್ಲ. ಉಳಿದದ್ದು ನಾ ಕೂಡಿಸಿದ್ದು. ಕೆಲಸದಾಗ ಹಂಗ ಮಾಡಂಗಿಲ್ಲ ನಾ. ಕಣ್ಣಿಗಿ ಸಪಾಟ ಕಂಡರೂ ಲೆವಲ್ ಪಟ್ಟಿ ಇಟ್ಟು ನೋಡ್ತೀನಿ. ಬಾಯಿಗಿ ಇಡಲಿಲ್ಲ. ನಾ ಕೂಡಿಸಿದ ಒಂದು ಮಾತಿನ ಮ್ಯಾಲ ಆಕೀನ್ನ ಊರಿಗೆ ಕಳಸಲಿಕ್ಕತ್ಯಾರ. ಊಟ ಆದಮ್ಯಾಲ ಹೋಗಿ, ನಾ ನೋಡಿಲ್ಲ ಆಯಿ, ಸುಮ್ಮ ಅಂದೆ ಅಂತ ಹೇಳಿ ಬರ್ತೀನಿ."

ಅಪ್ಪ ರೊಟ್ಟಿ ಮುರಿದ. ನಾನು ಎಡಗೈ ತೆರೆದು ತಾಟಿನ ಪಕ್ಕ ಇಟ್ಟೆ. ಕಿರುಬೆರಳು ಊದಿ ಉಂಗುರ ಸಿಕ್ಕಿಕೊಂಡಿತ್ತು. ದಾನಿ ಬಗ್ಗಿ ನೋಡಿ, "ಅರೇ ಬಾಪ್ ರೇ" ಅಂದ. ಅವ್ವ ಎದ್ದು ಬಾಗಿಲು ಮುಂದೆ ಮಾಡಿ ಬಂದಳು.

ಮುಂದಿನದು ನನ್ನ ನೆನಪಿನಲ್ಲಿ ಅಪ್ಪ ಅವ್ವ ನಮ್ಮೆದುರು ಆಡಿದ ಒಂದೇ ಜಗಳ. ಪಿಸುದನಿಯಲ್ಲಿ ಆಡಿದರು, ಚಾಳಿನ ಗೋಡೆಗಳು ತೆಳು.

"ಈಗ ಬಾಯಿ ಬಿಡಬ್ಯಾಡ್ರಿ ನೀವು," ಅವ್ವ ಅಂದಳು. "ಇಡೀ ಚಾಳಿನಾಗ ನಾವೊಂದ ಮನಿ ಯೇಸುನ ನಂಬಿದೋರು. ಇವರ ಹುಡುಗಿ ನಮ್ಮನ್ನ ಸುಡತಿದ್ದಳು ಅಂದ್ರ ಇಲ್ಲಿ ಇರಾಕ ಕೊಡ್ತಾರೇನು? ಯಾರೂ ಸತ್ತಿಲ್ಲ. ದೇವರು ಉಳಿಸ್ಯಾನ."

"ದೇವರು ಉಳಿಸ್ಯಾನ, ಖರೆ. ನಮ್ಮ ತಪ್ಪು ಮುಚ್ಚಲಿಕ್ಕ ಉಳಿಸ್ಯಾನೇನು?"

"ನನಗ ನನ್ನ ಮಗಳು ಬೇಕು."

"ಆಕಿನೂ ಯಾರದೋ ಮಗಳು. ಬುಧವಾರ ಬಸ್ ಏರ್ತಾಳ. ನೀ ಬ್ಯಾಡ ಅಂದ್ರ ನಾನೂ ಬಿಡ್ತೀನಿ. ನಾಳಿಂದ ಈ ತಾಟಿನ ಮುಂದ ಒಂಬತ್ತ ಆಜ್ಞಾ ಹೇಳೋಣು. ಒಂದು ಬಿಟ್ಟು."

ಅವ್ವ ತನ್ನ ತಾಟನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಒಂದು ಚಮಚೆ ಎಣ್ಣೆ ತಂದು ನನ್ನ ಬೆರಳಿಗೆ ಸವರಿದಳು. ನೋಯದಂತೆ ತಿರುಗಿಸಿ ತಿರುಗಿಸಿ ವಾಯ್ಸರನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟಳು. ಅಪ್ಪ ಏಳಲು ಹೋದಾಗ ಕೈಯಿಂದ ತಡೆದಳು.

"ನೀವು ಕೂಡ್ರಿ. ಹೆಣ್ಮಕ್ಕಳ ಮಾತದು. ನಾ ಕರಕೊಂಡು ಹೋಗ್ತೀನಿ."

ಪಕ್ಕದ ಮನೆಯಲ್ಲಿ ನೀಲಮ್ಮ ಆಯಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಳು. ಬಸು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ರೇಣುಕಾ ಒಂದು ಚೀಲಕ್ಕೆ ಸೀರೆ ಮಡಿಸಿ ಇಡುತ್ತಿದ್ದಳು, ಬುಧವಾರಕ್ಕೆ ಇನ್ನೂ ಮೂರು ದಿನವಿರುವಾಗಲೇ. ಅವ್ವ ನನ್ನ ಭುಜದ ಮೇಲೆ ಕೈಯಿಟ್ಟು ನಿಂತಳು. ನಾನು ಅಂಗೈ ಚಾಚಿ ಹೇಳಿದೆ: ಶನಿವಾರ ನಾನೇ ತೆಗೆದೆ, ಉಂಗುರಕ್ಕೆ, ಸೋಮವಾರ ವಾಪಸು ಇಡುವವಳಿದ್ದೆ, ಅಕ್ಕನ ತಪ್ಪಿಲ್ಲ. ಕಂಠಪಾಠ ಒಪ್ಪಿಸುವಂತೆ ಒಂದೇ ಉಸಿರಿಗೆ.

ನೀಲಮ್ಮ ಆಯಿಯ ಕೈ ನಿಂತಿತು. ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು. ಬಯ್ಯಲು ಬಾಯಿ ತೆರೆದವಳು, ಯಾಕೋ ಮಗನ ಬೆನ್ನಿಗೆ ಹೇಳಿದಳು:

"ಎದ್ದು ಕೂಡೋ. ನಿನ್ನ ಹೇಣ್ತಿದಲ್ಲಂತ ತಪ್ಪು."

ಬಸು ಎದ್ದು ಕುಳಿತ. ಎಲ್ಲ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಆಗ ರೇಣುಕಾ ಕೈಯಲ್ಲಿದ್ದ ಸೀರೆ ಕೆಳಗಿಟ್ಟು ನನ್ನ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತಳು. ಅವಳ ಕಣ್ಣು ನನ್ನ ಕಣ್ಣಿನ ಎತ್ತರಕ್ಕೆ ಬಂತು.

"ನಾ ಕಡ್ಡಿ ಕೊರಿಯೂಮುಂದ ನೀ ಬಾಗಲದಾಗ ನಿಂತಿದ್ದೆಲ್ಲ. ಎರಡ ಕಡ್ಡಿ ತಗದೆ. ನೋಡಕೋತ ನಿಂತಿದ್ದಿ. ಯಾಕ ಒದರಲಿಲ್ಲ?"

ಇದನ್ನು ನಾನು ಅಪ್ಪನಿಗೆ ಹೇಳಿರಲಿಲ್ಲ. ಉಂಗುರದ ಕತೆ ಹೇಳಿದವಳು ಮುಷ್ಟಿಯ ಕತೆ ಬಿಟ್ಟಿದ್ದೆ. ಹೆದರಿಕೆಯಾಯಿತು ಅನ್ನಬಹುದಿತ್ತು. ಹತ್ತು ವರ್ಷದ ಹುಡುಗಿ ಹೆದರಿದಳೆಂದರೆ ಯಾರೂ ಮತ್ತೆ ಕೇಳುತ್ತಿರಲಿಲ್ಲ. ಅವ್ವನ ಕೈ ನನ್ನ ಭುಜದ ಮೇಲೆ ಬಿಗಿಯಾಯಿತು. ಸುಳ್ಳು ಹೇಳು ಎಂದೋ, ಹೇಳಬೇಡ ಎಂದೋ ನನಗೆ ಇಂದಿಗೂ ಗೊತ್ತಿಲ್ಲ.

"ಒದರಿದ್ರ ಉಂಗುರ ಕಾಣ್ತಿತ್ತು," ಅಂದೆ.

ರೇಣುಕಾ ಅಳಲಿಲ್ಲ, ನನ್ನನ್ನು ತಬ್ಬಿಕೊಳ್ಳಲೂ ಇಲ್ಲ. ಹತ್ತೊಂಬತ್ತು ವರ್ಷದ ಹೆಣ್ಣು, ನನ್ನ ಮುಖವನ್ನು ಓದುವವಳಂತೆ ನೋಡಿದಳು.

"ಹಂಗ," ಅಂದಳು. "ಮುಂದ ಒದರು."

ಎದ್ದು ಹೋಗಿ ಚೀಲದಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಗ್ಗದ ಮೇಲೆ ಹಾಕತೊಡಗಿದಳು.

ಚಾಳಿನಲ್ಲಿ ನಮಗೆ ಅವ್ವ ಹೆದರಿದಷ್ಟು ತೊಂದರೆಯಾಗಲಿಲ್ಲ. ಕೆಲವರು ಕೆಲವು ತಿಂಗಳು ನಮ್ಮ ಸಿಲಿಂಡರಿನ ಬಗ್ಗೆ ಚೇಷ್ಟೆ ಮಾಡಿದರು. ರೇಣುಕಾ ನನ್ನೊಂದಿಗೆ ನೆಟ್ಟಗೆ ಮಾತಾಡಲು ಬಹಳ ಕಾಲ ಹಿಡಿಯಿತು, ಅದು ಅವಳ ಹಕ್ಕು. ನಾನು ಓದಿದೆ, ಕೆಲಸ ಹಿಡಿದೆ, ಅಂಧೇರಿಯಲ್ಲಿ ಪೈಪಿನ ಗ್ಯಾಸ್ ಬರುವ ಮನೆಯಲ್ಲಿದ್ದೇನೆ. ಈಗಲೂ ಯಾರಾದರೂ ಕಡ್ಡಿ ಗೀರಿದರೆ ಎಡಗೈ ತಾನಾಗಿ ಮುಚ್ಚಿಕೊಳ್ಳುತ್ತದೆ. ನನಗಿಂತ ಹೆಚ್ಚು ಓದಿದವರ ನಡುವೆ ಕೆಲಸ ಮಾಡಿದ್ದೇನೆ. ಕಣ್ಣಾರೆ ಕಂಡದ್ದಕ್ಕೂ ತಾನು ಕೂಡಿಸಿದ್ದಕ್ಕೂ ನಡುವೆ ಗೆರೆ ಎಳೆಯಲು ಬರುವವರನ್ನು ಹೆಚ್ಚು ಕಂಡಿಲ್ಲ. ನಾಲ್ಕನೇ ಈಯತ್ತೆ ಕಲಿತ ಅಪ್ಪನಿಗೆ ಅದು ಎಲ್ಲಿಂದ ಬಂತು ಎಂದು ಕೇಳಿದರೆ, ಬೇರೆ ಉತ್ತರ ನನ್ನಲ್ಲಿಲ್ಲ: ದಿನವೂ ಒಂದು ಆಜ್ಞೆಯನ್ನು ಕೈಯಲ್ಲಿ ಹಿಡಿದು, ಪ್ರೀತಿಯಿಂದ ತಿರುಗಿಸಿ ನೋಡಿದ್ದರಿಂದ ಬಂತು. ದೇವರ ಮಾತಿಗೆ ಅವನು ಹೆದರಿದ್ದು ನಾನು ಕಾಣೆ. ಲೆವಲ್ ಪಟ್ಟಿಯಂತಿದ್ದ ಆ ಮಾತು ಇಲ್ಲದೆ ನೆಲ ಹಾಸಲು ಮಾತ್ರ ಹೆದರುತ್ತಿದ್ದ.

ಅದೇ ವಾರದ ಮಂಗಳವಾರ ಸಂಜೆ ತಾಟುಗಳ ಮುಂದೆ ಕುಳಿತಾಗ ಸರದಿ ತಿರುಗಿ ನನಗೆ ಆರನೆಯ ಆಜ್ಞೆ ಬಂತು, ಕೊಲ್ಲಬಾರದೆಂಬುದು. ಹತ್ತರಲ್ಲಿ ನಮಗೆ ಅತ್ಯಂತ ಸುಲಭವಾದದ್ದು ಅದೇ. ಅದು ಪಾಲಿಗೆ ಬಂದವರು ಯೋಚಿಸುವುದೇ ಬೇಡ, "ಉಳೀತು" ಎಂದು ಅನ್ನಕ್ಕೆ ಕೈ ಹಾಕಬಹುದು. ದಾನಿ ಆಗಲೇ ನನ್ನ ಅದೃಷ್ಟಕ್ಕೆ ಹಲ್ಲು ಕಿರಿಯುತ್ತಿದ್ದ. ಆಜ್ಞೆ ಹೇಳಿದೆ. ಆಮೇಲೆ ಬಾಯಿಗೆ ಬಂದ "ಉಳೀತು" ಅಲ್ಲೇ ನಿಂತಿತು. ಅವಳು ಸತ್ತಿರಲಿಲ್ಲ. ನಾನು ಕೊಂದಿರಲಿಲ್ಲ. ಹೊಸ್ತಿಲಲ್ಲಿ ನಿಂತು, ಸತ್ತರೆ ಸಾಯಲಿ ಎಂದೂ ನೆನೆದಿರಲಿಲ್ಲ. ಬರಿಯ ಒಂದು ಉಂಗುರವನ್ನು ನೆನೆದಿದ್ದೆ. ದಾನಿಯ ನಗು ಇಳಿಯಿತು. ಪಕ್ಕದ ಮನೆಯಿಂದ ರೇಣುಕಾ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

"ಉಳೀತೇನವ್ವ?" ಅಪ್ಪ ಕೇಳಿದ.

ನಮ್ಮ ಮನೆಯಲ್ಲಿ ಅದಕ್ಕೆ ಇದ್ದದ್ದು ಎರಡೇ ಉತ್ತರ.

"ಗೊತ್ತಾಗವಲ್ದಪ್ಪ," ಅಂದೆ.

ಅಪ್ಪ ಊಂ ಅಂದ. ಆಮೇಲೆ ತನ್ನ ಪಾಲಿನ ಆಜ್ಞೆಯನ್ನು ಹೇಳಲು ಶುರುಮಾಡಿದ.